ಕೊಡಗಿನ ದಾರಿಗೆ ಕಾರು ತಗ್ಗಿಸುವುದು: ಯಾವ ಸ್ಪ್ರಿಂಗ್, ಯಾವ ಶಾಕಬ್ಸರ್, ಎಷ್ಟು ಮಿಲಿಮೀಟರ್

ಸ್ಪ್ರಿಂಗ್ ಆರ್ಡರ್ ಮಾಡುವ ಮೊದಲು ಒಂದು ಅಳತೆ ಟೇಪು, ಆರಡಿಯ ನೇರ ಪೈಪು ಇಲ್ಲವೇ ಬಿದಿರಿನ ಗಳ, ನಾಲ್ಕು ಸಣ್ಣ ಪ್ಲಾಸ್ಟಿಕ್ ಕೇಬಲ್ ಟೈ ಹೊಂದಿಸಿಕೊಳ್ಳಿ. ಇವು ಕೊಡುವ ಮೂರು ನಾಲ್ಕು ಅಂಕಿ ಕೈಯಲ್ಲಿಲ್ಲದೆ ಅಂಗಡಿಗೆ ಹೋದರೆ, ಅಲ್ಲಿರುವ 40 ಮಿ.ಮೀ. ಸೆಟ್ಟನ್ನೇ ನಿಮ್ಮ ತಲೆಗೆ ಕಟ್ಟುತ್ತಾರೆ. ಬೆಂಗಳೂರಿನ ರಿಂಗ್ ರೋಡಿಗೆ ಒಪ್ಪುವ ಆ ಸೆಟ್ಟು ನಾಪೋಕ್ಲು ಕಡೆಯ ತೋಟದ ದಾರಿಯಲ್ಲಿ ಮೊದಲ ಮಳೆಗಾಲಕ್ಕೇ ಆಯಿಲ್ ಚೇಂಬರ್ ಒಡೆಸುತ್ತದೆ.

ಇಲ್ಲಿ ಹೇಳುವುದೆಲ್ಲ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕಬ್ಸರ್ ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮ್ (ಎರಡು ಚಕ್ರ ಜೋಡಿಸುವ ಅಡ್ಡ ತೊಲೆ) ಇರುವ ಸಣ್ಣ ಕಾರುಗಳಿಗೆ: ಸ್ವಿಫ್ಟ್, ಬಲೆನೊ, ಐ20, ಪೋಲೋ. ಥಾರ್ ತಗ್ಗಿಸುವ ಆಸೆ ಇದ್ದವರಿಗೆ ನಮ್ಮಲ್ಲಿ ಹೇಳಲು ಏನೂ ಇಲ್ಲ.

ಮೊದಲು ದಾರಿ ಅಳೆಯಿರಿ

ತೋಟದ ದಾರಿಯಲ್ಲಿ ಜೀಪು, ಟ್ರ್ಯಾಕ್ಟರ್ ಓಡಾಡಿ ಎರಡು ಜಾಡು ಬಿದ್ದಿರುತ್ತದೆ, ನಡುವೆ ಹುಲ್ಲು ಬೆಳೆದ ದಿಬ್ಬ. ಕಾರಿನ ಹೊಟ್ಟೆ ಉಜ್ಜುವುದು ಆ ದಿಬ್ಬಕ್ಕೆ. ಗಳವನ್ನು ದಿಬ್ಬದ ಮೇಲೆ ಅಡ್ಡಲಾಗಿ, ಮಟ್ಟವಾಗಿ ಹಿಡಿದು, ಎರಡೂ ಜಾಡಿನ ತಳದವರೆಗೆ ಟೇಪು ಇಳಿಸಿ. ಎರಡು ಅಳತೆಯ ಸರಾಸರಿಯೇ ದಿಬ್ಬದ ಎತ್ತರ. ಗೇಟಿನಿಂದ ಮನೆಯವರೆಗೆ ಹತ್ತು ಹೆಜ್ಜೆಗೊಮ್ಮೆ ಹೀಗೆ ಅಳೆದು, ಅತಿ ಎತ್ತರದ್ದನ್ನು ಬರೆದಿಟ್ಟುಕೊಳ್ಳಿ. ಐನ್‌ಮನೆಯ (ಕುಟುಂಬದ ಮೂಲಮನೆಯ) ಓಣಿ ಇದ್ದರೆ ಅದನ್ನೂ ಬಿಡಬೇಡಿ. ಅಳೆಯುವ ಕಾಲವೂ ಮುಖ್ಯ: ಏಪ್ರಿಲ್‌ನಲ್ಲಿ ಧೂಳು ತುಂಬಿ ಸಮವಾಗಿ ಕಾಣುವ ಜಾಡು ಕಕ್ಕಡದ (ಜುಲೈ-ಆಗಸ್ಟ್) ಮಳೆ ಮುಗಿಯುವಾಗ ಎಷ್ಟೋ ಆಳಕ್ಕೆ ಇಳಿದಿರುತ್ತದೆ. ಸೆಪ್ಟೆಂಬರ್‌ನ ಅಳತೆಯನ್ನು ನಂಬಿ.

ಇನ್ನು ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆಯ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ಸ್ವಿಫ್ಟ್‌ನ ವೀಲ್‌ಬೇಸ್ 2450 ಮಿ.ಮೀ., ಅಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಅಷ್ಟು ದೂರ. ನಾಲ್ಕೂ ಚಕ್ರ ಆ ಬಾಗಿನ ಮೇಲೆ ನಿಂತಾಗ ನಡುವೆ ರಸ್ತೆ ಎಷ್ಟು ಮೇಲೇಳುತ್ತದೆ ಎಂದು ಲೆಕ್ಕ ಹಾಕಬಹುದು: ವೀಲ್‌ಬೇಸಿನ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿ. 2.45 × 2.45 ÷ 136, ಅಂದರೆ 44 ಮಿ.ಮೀ. ಕಂಪನಿ ಹೇಳುವ 163 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್‌ನಲ್ಲಿ 44 ಕಳೆದರೂ 119 ಉಳಿಯುತ್ತದೆ. ಹಾಗಾಗಿ ಸರಿಯಾಗಿ ಹಾಕಿದ ಹಂಪು ತಗ್ಗಿಸಿದ ಕಾರಿಗೂ ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ಊರವರು ಒಂದು ರಾತ್ರಿಯಲ್ಲಿ ಕಾಂಕ್ರೀಟ್ ಸುರಿದು ಎಬ್ಬಿಸಿದ ಎರಡಡಿ ಅಗಲದ ಗುಡ್ಡ. ಅದು ಇಡಿಯಾಗಿ ಮುಂದಿನ, ಹಿಂದಿನ ಚಕ್ರಗಳ ನಡುವೆ ಕೂರುತ್ತದೆ, ಅದರ ಪೂರ್ತಿ ಎತ್ತರ ಕಾರಿನ ಹೊಟ್ಟೆಗೇ ಬರುತ್ತದೆ. ಅದು 15 ಸೆಂ.ಮೀ. ಇದ್ದರೆ 20 ಮಿ.ಮೀ. ತಗ್ಗಿಸಿದ ಸ್ವಿಫ್ಟ್‌ಗೆ ಉಳಿಯುವುದು 143. ಖಾಲಿ ಕಾರೇ ಉಜ್ಜುತ್ತದೆ. ದಿನಾ ಹಾಯುವ ದಾರಿಯಲ್ಲಿ ಇಂಥದ್ದೊಂದು ಇದ್ದರೆ ಮುಂದೆ ಓದಬೇಕಿಲ್ಲ, ಒಳ್ಳೆಯ ಶಾಕಬ್ಸರ್ ಒಂದು ಸೆಟ್ ಹಾಕಿಸಿ ಎತ್ತರ ಹಾಗೇ ಬಿಡಿ.

ಕಂಪನಿಯ ಅಂಕಿ ಖಾಲಿ ಕಾರಿನದು. ನಿಮ್ಮ ಕಾರನ್ನು ನೀವು ಓಡಿಸುವ ಭಾರದಲ್ಲೇ ಅಳೆಯಿರಿ. ಡಿಕ್ಕಿಯಲ್ಲಿ 50 ಕೆ.ಜಿ.ಯ ಎರಡು ಕಾಫಿ ಚೀಲ ಇಟ್ಟರೆ, ಚಕ್ರದ ಬಳಿ ಲೆಕ್ಕಕ್ಕೆ ಸಿಗುವ ಸ್ಪ್ರಿಂಗ್ ರೇಟ್ (ಒಂದು ಮಿ.ಮೀ. ಕುಗ್ಗಿಸಲು ಬೇಕಾದ ಬಲ) ಮಿ.ಮೀ.ಗೆ 25 ನ್ಯೂಟನ್ ಇರುವ ಕಾರಿನ ಹಿಂಭಾಗ ಸುಮಾರು 20 ಮಿ.ಮೀ. ಕೂರುತ್ತದೆ. ಅದರ ಮೇಲೆ ಹಿಂದಿನ ಸೀಟಿನಲ್ಲಿ ಮೂವರು. ಆಯಿಲ್ ಚೇಂಬರ್ ಕಾಯುವ ಸಂಪ್ ಗಾರ್ಡ್ ಹಾಕಿದ್ದರೆ ಅದರ ದಪ್ಪವೂ ಕಳೆಯಬೇಕು.

ಕೇಬಲ್ ಟೈ ಏನು ಹೇಳುತ್ತದೆ

ಚಕ್ರ ಮೇಲೆ ಕೆಳಗೆ ಆಡಲು ಇರುವ ಜಾಗಕ್ಕೆ ಗ್ಯಾರೇಜಿನಲ್ಲಿ ಟ್ರಾವೆಲ್ ಎನ್ನುತ್ತಾರೆ. ಯಾವ ಪಾರ್ಟ್ ಆರಿಸಬೇಕು ಎಂಬ ಪ್ರಶ್ನೆಯ ಮುಕ್ಕಾಲು ಉತ್ತರ ಇದರಲ್ಲೇ ಇದೆ. ತಗ್ಗಿಸಿದ ಪ್ರತಿ ಮಿಲಿಮೀಟರ್ ಕೂಡ ಮೇಲಿನ ಟ್ರಾವೆಲ್‌ನಿಂದಲೇ ಕಡಿತ. ಟ್ರಾವೆಲ್ ಮುಗಿದ ಮೇಲೆ ಗುಂಡಿಯ ಏಟು ಬಂಪ್ ಸ್ಟಾಪಿಗೆ (ರಾಡಿನ ಮೇಲ್ತುದಿಯ ರಬ್ಬರ್ ತಡೆ), ಅಲ್ಲಿಂದ ಸ್ಟ್ರಟ್ಟನ್ನು ಮೇಲೆ ಹಿಡಿದಿರುವ ಟಾಪ್ ಮೌಂಟಿಗೆ, ಅಲ್ಲಿಂದ ಕಾರಿನ ಬಾಡಿಯ ಮೇಲೆ ಹೋಗುತ್ತದೆ. ಕಾರು ತಗ್ಗಿಸಿದ ಮೇಲೆ ಗಟ್ಟಿಯಾಯಿತು ಎಂದು ದೂರುವವರಲ್ಲಿ ಬಹುಪಾಲು ಜನ ಸ್ಪ್ರಿಂಗ್ ಮೇಲಲ್ಲ, ಬಂಪ್ ಸ್ಟಾಪ್ ಮೇಲೆ ಕೂತು ಓಡಾಡುತ್ತಿರುತ್ತಾರೆ.

ಅಳೆಯುವ ಬಗೆ ಹೀಗೆ. ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಸ್ಟ್ರಟ್‌ನ ರಬ್ಬರ್ ಬೂಟನ್ನು ಕೆಳಗಿನಿಂದ ಮೇಲಕ್ಕೆ ಸರಿಸಿ. ಒಳಗೆ ಕನ್ನಡಿಯಂತೆ ಹೊಳೆಯುವ ರಾಡ್ ಕಾಣುತ್ತದೆ. ಅದಕ್ಕೆ ಟೈ ಸುತ್ತಿ, ಕೈಯಿಂದ ತಳ್ಳಿದರೆ ಮಾತ್ರ ಜಾರುವಷ್ಟು ಬಿಗಿ ಮಾಡಿ, ಕೆಳಗೆ ರಾಡ್ ಒಳಹೋಗುವ ಕಡೆಯ ಸೀಲಿಗೆ ತಾಗುವವರೆಗೆ ಇಳಿಸಿ, ಬಾಲ ಕತ್ತರಿಸಿ. ರಾಡಿಗೆ ಪ್ಲೈಯರ್ ತಾಗಿಸಬೇಡಿ, ಒಂದು ಗೀರು ಬಿದ್ದರೂ ಸೀಲ್ ಕೆಲವೇ ದಿನದಲ್ಲಿ ಆಯಿಲ್ ಬಿಡುತ್ತದೆ. ಕಾರು ಸಮತಟ್ಟಾದ ಕಡೆ ನಿಂತಿರುವಾಗ ಸೀಲಿನಿಂದ ಬಂಪ್ ಸ್ಟಾಪಿನ ಕೆಳ ತುದಿಯವರೆಗಿನ ಅಂತರ ಬರೆದುಕೊಳ್ಳಿ. ಅದು ನಿಮಗೆ ಸಿಗುವ ಟ್ರಾವೆಲ್. ನಂತರ ಎಂದಿನ ಭಾರ ಹಾಕಿಕೊಂಡು ನಿಮ್ಮ ಅತಿ ಕೆಟ್ಟ ದಾರಿ ಸುತ್ತಿ ಬನ್ನಿ: ಸಂಪಾಜೆ ಘಾಟಿಯೋ ಮಾಕುಟ್ಟವೋ ನಿಮ್ಮದೇ ತೋಟದ ಏರೋ. ವಾಪಸು ಬಂದಾಗ ಟೈ ಮೇಲೆ ಸರಿದಿರುತ್ತದೆ. ಸೀಲಿನಿಂದ ಟೈವರೆಗಿನ ಅಂತರವೇ ಆ ದಾರಿ ನುಂಗಿದ ಟ್ರಾವೆಲ್.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸಿಗುವುದು 55 ಮಿ.ಮೀ., ದಾರಿ ನುಂಗಿದ್ದು 45. ಸ್ಟಾಕ್ (ಕಂಪನಿ ಹಾಕಿ ಕೊಟ್ಟ) ಸ್ಪ್ರಿಂಗ್ ರೇಟ್ ಮಿ.ಮೀ.ಗೆ 20 ನ್ಯೂಟನ್. ಇದೇ ರೇಟಿನ 30 ಮಿ.ಮೀ. ಗಿಡ್ಡ ಸ್ಪ್ರಿಂಗ್ ಹಾಕಿದರೆ ಉಳಿಯುವುದು 25, ಬೇಕಾದದ್ದು 45. ಪ್ರತಿ ಗುಂಡಿಗೂ ಬಡಿತ. 20 ಮಿ.ಮೀ. ಮಾತ್ರ ತಗ್ಗಿಸಿ ರೇಟನ್ನು 26ಕ್ಕೆ ಏರಿಸಿದರೆ ಉಳಿಯುವುದು 35. ಅದೇ ಬಲಕ್ಕೆ ಗಟ್ಟಿ ಸ್ಪ್ರಿಂಗ್ ಕುಗ್ಗುವುದು 45 × 20 ÷ 26, ಅಂದರೆ 35. ಅಂಚಿನಲ್ಲಿ ಸರಿಹೋಯಿತು. ಗುಂಡಿಯ ಏಟಿನಲ್ಲಿ ಶಾಕಬ್ಸರ್‌ನ ಪಾಲೂ ಇರುವುದರಿಂದ ಇದು ಒರಟು ಲೆಕ್ಕ, ಆದರೆ ತಪ್ಪು ಸೆಟ್ ಕೊಳ್ಳುವುದನ್ನು ತಪ್ಪಿಸಲು ಇಷ್ಟು ಸಾಕು. ಕೊಡಗಿನಲ್ಲಿ ದಿನಬಳಕೆಯ ಕಾರಿಗೆ 15ರಿಂದ 25 ಮಿ.ಮೀ. ದಾಟಬೇಡಿ ಎಂದು ನಾವು ಹೇಳುವುದು ಈ ಲೆಕ್ಕದಿಂದಲೇ.

ಸ್ಪ್ರಿಂಗ್ ರೇಟ್: ಎಷ್ಟು ಗಟ್ಟಿ ಸಾಕು

ಗಟ್ಟಿ ಎಂಬ ಮಾತಿಗೆ ಅಳತೆ ಬೇಕು. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪ ಕಡೆ ಮರ, ಕಾಫಿ ತೂಗುವ ವೇ ಬ್ರಿಡ್ಜ್‌ಗೆ ಹೋಗಿ, ಮುಂದಿನ ಎರಡು ಚಕ್ರ ಮಾತ್ರ ಹಲಗೆಯ ಮೇಲೆ ಬರುವಂತೆ ನಿಲ್ಲಿಸಿ ತೂಗಿಸಿ. 600 ಕೆ.ಜಿ. ಬಂತು ಎಂದುಕೊಳ್ಳಿ. ಒಂದು ಮೂಲೆಗೆ 300. ಅದರಲ್ಲಿ ಚಕ್ರ, ಹಬ್, ಬ್ರೇಕಿನ ತೂಕ ಸುಮಾರು 30 ಕಳೆದರೆ ಸ್ಪ್ರಿಂಗ್ ಹೊರುವುದು 270. ಸ್ಪ್ರಿಂಗ್ ರೇಟನ್ನು ಮೀಟರಿಗೆ ನ್ಯೂಟನ್‌ನಲ್ಲಿ ಬರೆದು ತೂಕದಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿದರೆ ಕಾರು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಅಂಕಿ ಸಿಗುತ್ತದೆ. 20 ನ್ಯೂಟನ್ ಸ್ಪ್ರಿಂಗಿಗೆ 1.37 ಹರ್ಟ್ಜ್. 27ಕ್ಕೆ 1.59. ಈ ಎರಡರ ನಡುವೆ ಇದ್ದರೆ ಮನೆಯವರೂ ಕೂರುತ್ತಾರೆ.

ಇನ್ನೊಂದು ಕಡೆ, ಜಪಾನಿ ಅಳತೆಯ ಕಾಯಿಲೋವರ್ (ಎತ್ತರ ಬದಲಿಸಬಹುದಾದ ಸ್ಪ್ರಿಂಗ್-ಶಾಕಬ್ಸರ್ ಜೋಡಿ) ಸೆಟ್ಟಿನ ಮೇಲೆ ‘6 ಕೆ’ ಎಂದು ಬರೆದಿರುತ್ತದೆ. ಮಿ.ಮೀ.ಗೆ 6 ಕೆ.ಜಿ. ಎಂದರ್ಥ. ಒಂದು ಕೆ.ಜಿ.ಗೆ 9.81 ನ್ಯೂಟನ್, ಹಾಗಾಗಿ ಇದು 59 ನ್ಯೂಟನ್. ಅದೇ ಕಾರಿನಲ್ಲಿ 2.35 ಹರ್ಟ್ಜ್. ಅದು ಟ್ರ್ಯಾಕ್ ಕಾರಿನ ಅಂಕಿ. ಒದ್ದೆ ಘಾಟಿಯಲ್ಲಿ ಚಕ್ರ ರಸ್ತೆ ಹಿಡಿಯುವ ಬದಲು ಗುಂಡಿಯಿಂದ ಗುಂಡಿಗೆ ಹಾರುತ್ತದೆ, ಟೈರು ನೆಲ ಬಿಟ್ಟಷ್ಟು ಹೊತ್ತು ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಇಂಚಿಗೆ ಪೌಂಡ್ ಲೆಕ್ಕದಲ್ಲಿ ಕೊಟ್ಟಿದ್ದರೆ 56ರಿಂದ ಭಾಗಿಸಿ ಕೆ.ಜಿ.ಗೆ ತನ್ನಿ.

ಹಿಂದಿನ ಸ್ಪ್ರಿಂಗಿಗೆ ಇದೇ ಲೆಕ್ಕ ನೇರವಾಗಿ ಹಾಕಬಾರದು. ಬೀಮಿನ ಮೇಲೆ ಸ್ಪ್ರಿಂಗ್ ಕೂರುವ ಜಾಗ ಚಕ್ರದಿಂದ ಮುಂದಕ್ಕಿರುತ್ತದೆ. ಬೀಮು ಕಾರಿಗೆ ಸೇರುವ ಮುಂದಿನ ರಬ್ಬರ್ ಬುಶ್‌ನಿಂದ ಸ್ಪ್ರಿಂಗ್‌ವರೆಗಿನ ದೂರವನ್ನು, ಬುಶ್‌ನಿಂದ ಚಕ್ರದ ನಡುವಿನವರೆಗಿನ ದೂರದಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. 0.8 ಬಂದರೆ 0.64. ಸ್ಪ್ರಿಂಗ್ ಮೇಲೆ 40 ನ್ಯೂಟನ್ ಎಂದು ಬರೆದಿದ್ದರೆ ಚಕ್ರಕ್ಕೆ ಸಿಗುವುದು 26 ಮಾತ್ರ. ಇದನ್ನು ಬಿಟ್ಟು ಹಿಂದಿನ ಸ್ಪ್ರಿಂಗ್ ಎಷ್ಟು ಗಟ್ಟಿ ಎಂದು ಗಾಬರಿಯಾಗುವವರು ಬಹಳ.

ಎಲ್ಲಕ್ಕಿಂತ ಸಾಮಾನ್ಯ ತಪ್ಪು ಪೆಟ್ರೋಲ್-ಡೀಸೆಲ್ ಅದಲುಬದಲು. ಡೀಸೆಲ್ ಎಂಜಿನ್ ಭಾರ, ಅದರ ಮುಂದಿನ ಸ್ಪ್ರಿಂಗ್ ಬೇರೆ. ಡೀಸೆಲ್ ಸ್ವಿಫ್ಟ್‌ಗೆ, ಪೋಲೋ ಟಿಡಿಐಗೆ ಮಾಡಿದ ಲೋವರಿಂಗ್ ಸ್ಪ್ರಿಂಗನ್ನು ಪೆಟ್ರೋಲ್ ಕಾರಿಗೆ ಹಾಕಿದರೆ ಮೂತಿ ಇಳಿಯುವುದೇ ಇಲ್ಲ, ಹಿಂಭಾಗ ಮಾತ್ರ ಕೂತು ಕಾರು ಕಪ್ಪೆಯಂತೆ ಕಾಣುತ್ತದೆ. ಪೋಲೋ ಭಾರತದಲ್ಲಿ 2022ಕ್ಕೆ ನಿಂತಿತು, ಮಾರುತಿಯ ಡೀಸೆಲ್ 2020ಕ್ಕೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಸೆಟ್ಟುಗಳು ಬೇಕಾದಷ್ಟು ಕೈ ಬದಲಾಯಿಸುತ್ತಿವೆ. ಸ್ಪ್ರಿಂಗ್ ಮೇಲಿನ ಪಾರ್ಟ್ ನಂಬರ್ ಓದಿ, ಕಂಪನಿಯ ಪಟ್ಟಿಯಲ್ಲಿ ನಿಮ್ಮ ಎಂಜಿನ್, ವರ್ಷ, ಮುಂದಿನ ಆಕ್ಸಲ್ ತೂಕದ ಮಿತಿ ಮೂರೂ ಹೊಂದುತ್ತದೆಯೇ ನೋಡದೆ ದುಡ್ಡು ಕೊಡಬೇಡಿ. ಸ್ಪ್ರಿಂಗಿನ ತಳದ ಸುತ್ತಿನಲ್ಲಿ ಬಣ್ಣ ಎದ್ದು ತುಕ್ಕು ಕಂಡರೆ ಅದನ್ನು ಅಲ್ಲೇ ಬಿಡಿ. ಸೀಟಿನಲ್ಲಿ ನೀರು, ಕೆಸರು ನಿಂತು ತುಕ್ಕು ಹಿಡಿದು ಮುರಿಯುವುದು ಹೆಚ್ಚಾಗಿ ಅದೇ ಸುತ್ತು.

ಸುತ್ತಿನ ನಡುವಿನ ಅಂತರ ಒಂದೇ ಇಲ್ಲದ, ಒಂದು ತುದಿಯಲ್ಲಿ ಒತ್ತೊತ್ತಾಗಿರುವ ಪ್ರೊಗ್ರೆಸಿವ್ ಸ್ಪ್ರಿಂಗ್ ಇಲ್ಲಿಯ ದಾರಿಗೆ ಒಪ್ಪುತ್ತದೆ, ಭಾರ ಏರಿದಂತೆ ರೇಟೂ ಏರುತ್ತದೆ. ಐಬಾಕ್‌ನ ಪ್ರೊ-ಕಿಟ್ ಈ ಜಾತಿಯದು. ಅದೇ ಕಂಪನಿಯ ಸ್ಪೋರ್ಟ್‌ಲೈನ್ ಅದಕ್ಕಿಂತ ಹೆಚ್ಚು ತಗ್ಗಿಸುತ್ತದೆ, ಅದನ್ನು ಮೈಸೂರಿನವರಿಗೆ ಬಿಡೋಣ. ಪ್ರೊ-ಕಿಟ್ ಕೂಡ ಕಾರಿನಿಂದ ಕಾರಿಗೆ ಬೇರೆ ಬೇರೆಯಷ್ಟು ತಗ್ಗಿಸುತ್ತದೆ. ಹೆಸರು ನೋಡಿ ಕೊಳ್ಳಬೇಡಿ, ನಿಮ್ಮ ಕಾರಿಗೆ ಎಷ್ಟು ಎಂದು ಬರೆದಿದೆ ನೋಡಿ.

ಸ್ಪ್ರಿಂಗ್ ಕತ್ತರಿಸುವುದರ ಬಗ್ಗೆ ಒಂದು ಮಾತು. ಒಂದು ಸುತ್ತು ಕತ್ತರಿಸಿದರೆ ಉಳಿದದ್ದು ಗಟ್ಟಿಯಾಗುವುದು ನಿಜ. ಆದರೆ ಸೀಟಿಗೆ ಕೂರುವ ತುದಿಯೇ ಹೋಯಿತು. ಚೂಪು ತುದಿ ರಬ್ಬರನ್ನು ತಿಂದು, ಸ್ಪ್ರಿಂಗ್ ತಿರುಗಿ, ಸ್ಟೀರಿಂಗ್ ತಿರುಗಿಸುವಾಗ ಟಂಗ್ ಎಂದು ಹಾರುತ್ತದೆ. ಗ್ಯಾಸ್ ಕಟಿಂಗ್ ಬೆಂಕಿ ತಾಗಿದ ಕಡೆ ಉಕ್ಕಿನ ಹದವೇ ಕೆಡುತ್ತದೆ. ಬೆಂಕಿಯಲ್ಲಿ ಕಾಯಿಸಿ ಕೂರಿಸುವುದು ಇದಕ್ಕಿಂತ ಕಡೆ.

ಶಾಕಬ್ಸರ್

ರೇಟ್ ಶೇ. 30 ಏರಿದರೆ ಅದನ್ನು ಹಿಡಿದಿಡಲು ಬೇಕಾದ ಡ್ಯಾಂಪಿಂಗ್ ವರ್ಗಮೂಲದ ಲೆಕ್ಕದಲ್ಲಿ ಶೇ. 14ರಷ್ಟು ಏರುತ್ತದೆ. ಹೊಸ ಸ್ಟಾಕ್ ಶಾಕಬ್ಸರ್ ಇಷ್ಟನ್ನು ಹೇಗೋ ತಡೆದೀತು. 60-70 ಸಾವಿರ ಕಿ.ಮೀ. ಓಡಿದ್ದು ತಡೆಯುವುದಿಲ್ಲ. ಹಳೆ ಶಾಕಬ್ಸರ್ ಮೇಲೆ ಹೊಸ ಗಿಡ್ಡ ಸ್ಪ್ರಿಂಗ್ ಹಾಕಿದ ಕಾರು ಹಂಪು ಇಳಿದ ಮೇಲೆ ಎರಡು ಮೂರು ಸಲ ತಲೆಯಾಡಿಸುತ್ತದೆ. ಹಣ ಒಂದಕ್ಕೇ ಸಾಲುವುದಾದರೆ ಶಾಕಬ್ಸರ್ ಮೊದಲು ಕೊಳ್ಳಿ, ಸ್ಪ್ರಿಂಗ್ ಮುಂದಿನ ವರ್ಷಕ್ಕಿರಲಿ.

ಕೊಳ್ಳುವಾಗ ಉದ್ದ ನೋಡಬೇಕು. ಬಿಲ್ಸ್ಟೈನ್ ಇದನ್ನು ಹೆಸರಿನಲ್ಲೇ ಹೇಳುತ್ತದೆ: ಬಿ4 ಸ್ಟಾಕ್ ಬದಲಿಗೆ, ಬಿ6 ಗಟ್ಟಿ ಆದರೆ ಸ್ಟಾಕ್ ಎತ್ತರಕ್ಕೆ, ಬಿ8 ತಗ್ಗಿಸಿದ ಸ್ಪ್ರಿಂಗಿಗೆಂದೇ ಗಿಡ್ಡ ಮಾಡಿದ್ದು. ಬೇರೆ ಕಂಪನಿಯದಾದರೆ ರಾಡ್ ಪೂರ್ತಿ ಹೊರಬಂದಾಗಿನ ಉದ್ದ, ಪೂರ್ತಿ ಒಳಹೋದಾಗಿನ ಉದ್ದ ಎರಡನ್ನೂ ಕೇಳಿ ಪಡೆಯಿರಿ. 20 ಮಿ.ಮೀ. ತಗ್ಗಿಗೆ ಸ್ಟಾಕ್ ಉದ್ದ ಸಾಮಾನ್ಯವಾಗಿ ನಡೆಯುತ್ತದೆ, ಒಂದು ಪರೀಕ್ಷೆ ಪಾಸಾದರೆ: ಚಕ್ರ ಗಾಳಿಯಲ್ಲಿ ಪೂರ್ತಿ ಇಳಿಬಿದ್ದಾಗಲೂ ಸ್ಪ್ರಿಂಗ್ ಸೀಟಿನಲ್ಲಿ ಬಿಗಿಯಾಗಿಯೇ ಇರಬೇಕು. ಜಾಕ್ ಏರಿಸಿ ಕೈಯಿಂದ ತಿರುಗಿಸಿ ನೋಡಿ. ತಿರುಗಿದರೆ ಸ್ಪ್ರಿಂಗ್ ಗಿಡ್ಡವಾಯಿತು. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಒಳಗಿನ ಹಿಂದಿನ ಚಕ್ರ ಎದ್ದಾಗ ಆ ಸ್ಪ್ರಿಂಗ್ ಸೀಟು ಬಿಟ್ಟು ಸರಿಯುತ್ತದೆ, ಮತ್ತೆ ಕೂರುವಾಗ ಸರಿಯಾಗಿ ಕೂರಬೇಕೆಂದೇನೂ ಇಲ್ಲ.

ಒಂದೇ ಕೊಳವೆಯ ಮೊನೊಟ್ಯೂಬ್ ಶಾಕಬ್ಸರ್ ಬಿಸಿ ಬೇಗ ಬಿಡುತ್ತದೆ, ಆದರೆ ಸಾಮಾನ್ಯ ಮೊನೊಟ್ಯೂಬಿನ ಪಿಸ್ಟನ್ ಹೊರಗಿನ ಕೊಳವೆಗೇ ಉಜ್ಜಿ ಓಡುವುದರಿಂದ ಕಲ್ಲು ಬಡಿದು ತಗ್ಗು ಬಿದ್ದರೆ ಅಲ್ಲಿಗೆ ಅದರ ಆಯಸ್ಸು ಮುಗಿಯಿತು. ಕೊಳವೆಯೊಳಗೆ ಕೊಳವೆ ಇರುವ ಟ್ವಿನ್ ಟ್ಯೂಬ್ ಸಣ್ಣ ತಗ್ಗನ್ನು ಸಹಿಸುತ್ತದೆ. ಜಲ್ಲಿ ಹಾಕಿ ಬಿಟ್ಟ ತೋಟದ ದಾರಿಗೆ ಹಿಂದಿನ ಶಾಕಬ್ಸರ್ ಟ್ವಿನ್ ಟ್ಯೂಬ್ ಗ್ಯಾಸ್ ಇರಲಿ.

ಕಾಯಿಲೋವರ್ ಬೇಕೇ ಬೇಕೆಂದರೆ ಕೆಳಗಿನ ಬ್ರಾಕೆಟ್ಟೇ ತಿರುಗಿ ಎತ್ತರ ಬದಲಾಗುವ ಬಗೆಯದನ್ನು ಕೊಳ್ಳಿ. ಸ್ಪ್ರಿಂಗ್ ಕೂರುವ ತಟ್ಟೆ ಮಾತ್ರ ಏರಿಳಿಯುವ ಅಗ್ಗದ ಬಗೆಯಲ್ಲಿ ತಗ್ಗಿಸಿದಷ್ಟೂ ಟ್ರಾವೆಲ್ ಹೋಗುತ್ತದೆ. ಬ್ರಾಕೆಟ್ ಬಗೆಯಲ್ಲಿ ಟ್ರಾವೆಲ್ ಉಳಿಯುತ್ತದೆ, ಆದರೆ ಚಕ್ರ ಪೂರ್ತಿ ಏರಿದಾಗ ಟೈರು ಒಳಗಿನ ಫೆಂಡರ್ ಲೈನರಿಗೆ ತಾಗುತ್ತದೆಯೇ ಎಂದು ಸ್ಪ್ರಿಂಗ್ ಇಲ್ಲದೆ ಒಮ್ಮೆ ಜೋಡಿಸಿ ನೋಡಬೇಕು. ಥ್ರೆಡ್ಡಿಗೆ ಕೆಂಪು ಕೆಸರು ಹತ್ತಿ ಒಣಗಿದರೆ ಸಿ ಸ್ಪ್ಯಾನರ್ ಮುರಿದರೂ ರಿಂಗ್ ಅಲುಗುವುದಿಲ್ಲ. ಮಳೆಗಾಲಕ್ಕೆ ಮುಂಚೆ ತಂತಿ ಬ್ರಷ್ ಹೊಡೆದು, ಆ್ಯಂಟಿ-ಸೀಜ್ ಬಳಿದು, ಹಳೆ ಸೈಕಲ್ ಟ್ಯೂಬ್ ತುಂಡನ್ನು ತೋಳಿನಂತೆ ಏರಿಸಿಬಿಡಿ.

ಜೊತೆಗೆ ಕೊಳ್ಳಬೇಕಾದ ಸಣ್ಣಪುಟ್ಟ

ಸ್ಟ್ರಟ್ ಒಮ್ಮೆ ಬಿಚ್ಚಿದ ಮೇಲೆ ಹಳೆ ರಬ್ಬರ್ ಮತ್ತೆ ಹಾಕುವುದು ಇಡೀ ಕೆಲಸವನ್ನು ಎರಡು ಸಲ ಮಾಡುವ ದಾರಿ. ಬೇಕಾಗುವುದು: ಟಾಪ್ ಮೌಂಟ್ 2, ಅದರ ಬೇರಿಂಗ್ 2, ಬಂಪ್ ಸ್ಟಾಪ್ 4, ಬೂಟ್ 4, ಹಿಂದಿನ ಸ್ಪ್ರಿಂಗಿನ ಮೇಲೆ ಕೆಳಗೆ ಕೂರುವ ರಬ್ಬರ್ ಸೀಟು 4, ಮುಂದಿನ ಸೀಟಿನ ರಬ್ಬರ್ ನಿಮ್ಮ ಕಾರಿನಲ್ಲಿದ್ದರೆ 2, ಸ್ಟ್ರಟ್‌ನ ಮೇಲಿನ ಲಾಕ್ ನಟ್ 2, ಸ್ಟೆಬಿಲೈಜರ್ ಲಿಂಕ್ (ಕಾರು ವಾಲದಂತೆ ತಡೆಯುವ ಸರಳಿನ ಕೊಂಡಿ) 2, ಸ್ಟ್ರಟ್ಟನ್ನು ನಕಲ್‌ಗೆ (ಚಕ್ರದ ಹಬ್ ಹಿಡಿದಿರುವ ಲೋಹದ ತುಂಡು) ಸೇರಿಸುವ ಬೋಲ್ಟು ನಟ್ಟು ಒಂದೊಂದು ಕಡೆಗೆ ಎರಡರಂತೆ 4 ಜೊತೆ.

ಕೊನೆಯದು ಸ್ವಿಫ್ಟ್‌ನಂತೆ ಎರಡು ಬೋಲ್ಟಿನ ಸ್ಟ್ರಟ್‌ಗೆ. ಇಂಥ ಕಾರಿನಲ್ಲಿ ಮೇಲಿನ ತೂತಿಗೆ ಕ್ಯಾಂಬರ್ ಬೋಲ್ಟ್ ಹಾಕಿ ಚಕ್ರದ ವಾಲುವಿಕೆ ಸರಿ ಮಾಡಬಹುದು, ಕಡೆಗೊಂದರಂತೆ 2 ಸಾಕು. ಪೋಲೋದಲ್ಲಿ ಸ್ಟ್ರಟ್ ಕೊಳವೆಯೇ ನಕಲ್ ಒಳಗೆ ಜಾರಿ ಕ್ಲಾಂಪ್ ಬೋಲ್ಟಿನಿಂದ ಬಿಗಿಯುತ್ತದೆ. ಅದಕ್ಕೆ ಕ್ಯಾಂಬರ್ ಬೋಲ್ಟ್ ಬರುವುದಿಲ್ಲ, ಬದಲಿಗೆ ಕ್ಲಾಂಪ್ ಅಗಲಿಸುವ ಸ್ಪ್ರೆಡರ್ ಬೇಕು. ಸ್ಪ್ರೆಡರ್ ಇಲ್ಲದೆ ಸುತ್ತಿಗೆಯಲ್ಲಿ ಹೊಡೆದರೆ ನಕಲ್ ಸೀಳುತ್ತದೆ.

ಬಂಪ್ ಸ್ಟಾಪ್ ಕತ್ತರಿಸಬೇಕೋ ಬೇಡವೋ ಎಂಬುದು ಸ್ಪ್ರಿಂಗ್ ಕಂಪನಿಯ ಹಾಳೆಯಲ್ಲಿರುತ್ತದೆ. ಕತ್ತರಿಸು ಎಂದಿದ್ದರೆ ಹೇಳಿದಷ್ಟೇ ಕತ್ತರಿಸಿ, ಚೂಪಾದ ಮೆತ್ತನೆ ತುದಿ ಹಾಗೇ ಉಳಿಸಿ ದಪ್ಪ ಕಡೆಯಿಂದ ತೆಗೆಯಿರಿ. ಪೂರ್ತಿ ತೆಗೆದು ಎಸೆದರೆ ರಾಡ್ ತಳಕ್ಕೆ ಬಡಿದು ವಾಲ್ವ್ ಹೋಗುತ್ತದೆ.

ಸ್ಟ್ರಟ್ ಕಾರನ್ನು ಹೆಚ್ಚು ತಗ್ಗಿಸಿದರೆ ತಿರುವಿನಲ್ಲಿ ಹಿಡಿತ ಕೆಡುತ್ತದೆ ಎಂಬುದನ್ನು ಬಹಳ ಜನ ನಂಬುವುದಿಲ್ಲ. ಮುಂದಿನಿಂದ, ಚಕ್ರವನ್ನು ಕೆಳಗೆ ಹಿಡಿದಿರುವ ಲೋವರ್ ಆರ್ಮ್ ನೋಡಿ. ಸ್ಟಾಕ್‌ನಲ್ಲಿ ಅದರ ಹೊರತುದಿ ಒಳತುದಿಗಿಂತ ಕೆಳಗಿರುತ್ತದೆ ಅಥವಾ ಸಮವಿರುತ್ತದೆ. ತಗ್ಗಿಸುತ್ತಾ ಹೋದಂತೆ ಹೊರತುದಿ ಮೇಲೇರುತ್ತದೆ, ಆಗ ಕಾರು ವಾಲುವ ಕೇಂದ್ರ ಕಾರಿನ ಭಾರಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ, ವಾಲುವ ಒತ್ತಡ ಹೆಚ್ಚುತ್ತದೆ. ಆರ್ಮ್ ನೆಲಕ್ಕೆ ಸಮಾಂತರ ಬರುವಲ್ಲಿಗೆ ನಿಲ್ಲಿಸುವುದು ಒಳ್ಳೆಯ ಗೆರೆ.

ಟೈರು ಜೊತೆಗೇ ಬದಲಿಸುವ ಆಸೆ ಇದ್ದರೆ ಒಂದು ಎಚ್ಚರ. 185/65 ಆರ್15ರ ವ್ಯಾಸ 621 ಮಿ.ಮೀ., 195/55 ಆರ್15ರದ್ದು 595. ಟೈರಿನಲ್ಲೇ 13 ಮಿ.ಮೀ. ಎತ್ತರ ಹೋಯಿತು, ಗುಂಡಿಗೆ ಮೆತ್ತೆಯಾಗಿದ್ದ ರಬ್ಬರ್ ಪಕ್ಕೆಯೂ ಹೋಯಿತು. ಎರಡನ್ನೂ ಒಟ್ಟಿಗೆ ಮಾಡಿದವರ ಅಲಾಯ್ ರಿಮ್ಮು ಮಳೆಗಾಲದಲ್ಲಿ ಬೆಂಡು ತೆಗೆಯುವವರ ಬಳಿಯೇ ಇರುತ್ತದೆ.

ಜೋಡಿಸುವಾಗ

ಕೆಲಸಕ್ಕೆ ಕೊಡಗಿನಲ್ಲಿ ಸಿಗುವ ಅತ್ಯುತ್ತಮ ಜಾಗ ಕಾಫಿ ಕಣ. ಸಿಮೆಂಟ್ ನೆಲ, ಕೊಯ್ಲು ಮುಗಿದ ಮೇಲೆ ಖಾಲಿ. ನೀರು ಹರಿಯಲೆಂದು ಸ್ವಲ್ಪ ಇಳಿಜಾರು ಇರುತ್ತದೆ, ಸ್ಪಿರಿಟ್ ಲೆವೆಲ್ ಇಟ್ಟು ನೋಡಿ ಸಮವಿರುವ ಕಡೆ ಆರಿಸಿ. ಅಂಗಳದ ಮಣ್ಣಿನ ಮೇಲೆ ಜಾಕ್ ಸ್ಟ್ಯಾಂಡ್ ಇಡುವುದಾದರೆ ಕೆಳಗೆ 18 ಮಿ.ಮೀ. ಪ್ಲೈವುಡ್. ಇಟ್ಟಿಗೆ, ಸಿಮೆಂಟ್ ಬ್ಲಾಕ್, ಕೆಂಪುಕಲ್ಲು ಕಾರಿನ ಕೆಳಗೆ ಬೇಡವೇ ಬೇಡ, ಮುನ್ಸೂಚನೆ ಇಲ್ಲದೆ ಸೀಳುತ್ತವೆ.

ಸ್ಪ್ರಿಂಗ್ ಕಂಪ್ರೆಸರ್ ಎರಡನ್ನೂ ಎದುರುಬದುರಾಗಿ ಹಾಕಿ, ಕೈಯಿಂದ ಒಂದೊಂದು ಕಡೆ ಎರಡೆರಡು ಸುತ್ತು ಬಿಗಿಯುತ್ತಾ ಹೋಗಿ. ಏರ್ ಗನ್ ಹಾಕಿದರೆ ಥ್ರೆಡ್ ಕಿತ್ತು ಬರುತ್ತದೆ. ಸ್ಪ್ರಿಂಗ್ ಮೇಲಿನ ಸೀಟಿನಲ್ಲಿ ಸಡಿಲವಾಗಿ ಅಲುಗುವವರೆಗೆ ಮೇಲಿನ ನಟ್ಟು ಮುಟ್ಟಬೇಡಿ, ಮುಖ ಸ್ಟ್ರಟ್‌ನ ನೇರಕ್ಕೆ ತರಬೇಡಿ. ಕಂಪ್ರೆಸರ್ ಇಲ್ಲದಿದ್ದರೆ ಸ್ಟ್ರಟ್ ಕಳಚಿ ಗ್ಯಾರೇಜಿಗೆ ಒಯ್ದು ಅಷ್ಟನ್ನು ಮಾತ್ರ ಮಾಡಿಸಿಕೊಂಡು ಬನ್ನಿ. ಜೋಡಿಸುವಾಗ ಸ್ಪ್ರಿಂಗಿನ ತುದಿ ಸೀಟಿನ ಮೆಟ್ಟಿಲಿಗೆ ತಾಗಿ ನಿಲ್ಲಬೇಕು, ಬೆರಳು ಹಾಕಿ ನೋಡಿ.

ಹಿಂದೆ ಕೆಲಸ ಸುಲಭ: ಶಾಕಬ್ಸರ್‌ನ ಕೆಳಗಿನ ಬೋಲ್ಟು ಎರಡೂ ಕಡೆ ತೆಗೆದು ಬೀಮನ್ನು ಜಾಕ್ ಮೇಲೆ ಮೆಲ್ಲಗೆ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಬ್ರೇಕ್ ಹೋಸ್, ಎಬಿಎಸ್ ವೈರ್ ಎಳೆಯುತ್ತಿಲ್ಲ ಎಂದು ಪ್ರತಿ ಇಂಚಿಗೂ ನೋಡಿ. ಹಿಂದಿನ ಆಕ್ಸಲಿಗೆ ಕಡ್ಡಿ ಕಟ್ಟಿದ ಬ್ರೇಕ್ ವಾಲ್ವ್ ಇರುವ ಹಳೆ ಕಾರಾದರೆ ಆ ಕಡ್ಡಿಯನ್ನು ಮತ್ತೆ ಹೊಂದಿಸಲೇಬೇಕು. ಇಲ್ಲದಿದ್ದರೆ ಕಾರು ತುಂಬಿದೆ ಎಂದೇ ತಿಳಿದು ವಾಲ್ವ್ ಹಿಂದಿನ ಚಕ್ರಕ್ಕೆ ಹೆಚ್ಚು ಒತ್ತಡ ಬಿಡುತ್ತದೆ, ಒದ್ದೆ ರಸ್ತೆಯಲ್ಲಿ ಹಿಂಭಾಗ ಪಕ್ಕಕ್ಕೆ ಜಾರುತ್ತದೆ.

ಲೋವರ್ ಆರ್ಮ್ ಬುಶ್, ಬೀಮ್ ಬುಶ್‌ಗಳ ಬೋಲ್ಟನ್ನು ಸಡಿಲ ಮಾಡಿ, ಕಾರು ನೆಲದ ಮೇಲೆ ತನ್ನ ಹೊಸ ಎತ್ತರದಲ್ಲಿ ನಿಂತ ಮೇಲೆಯೇ ಬಿಗಿಯಬೇಕು. ಚಕ್ರ ಇಳಿಬಿದ್ದಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ, ಎತ್ತರವೂ ಸರಿ ಕೂರುವುದಿಲ್ಲ. ಟಾರ್ಕ್ ಅಂಕಿಯನ್ನು ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಿಂದಲೇ ತೆಗೆದುಕೊಳ್ಳಿ. ಪೋಲೋದ ವೀಲ್ ಬೋಲ್ಟ್ 120 ನ್ಯೂಟನ್ ಮೀಟರ್.

ಎತ್ತರವನ್ನು ನೆಲದಿಂದ ಅಳೆಯದೆ ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆಯಿರಿ, ಆಗ ಟೈರಿನ ಗಾಳಿ ಲೆಕ್ಕ ಕೆಡಿಸುವುದಿಲ್ಲ. ಎಡ ಬಲ 5 ಮಿ.ಮೀ. ಒಳಗೆ ಇರಲಿ.

ಅಲೈನ್‌ಮೆಂಟಿಗೆ ಮುಂಚೆ, ಲೈಟಿಗೆ ಮುಂಚೆ

ತಗ್ಗಿಸಿದ ಕಾರಿನ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿವೆ ಎಂಬುದು) ಬದಲಾಗಿಯೇ ಇರುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಕೆಟ್ಟ ಟೋನಲ್ಲಿ ಅಷ್ಟು ದೂರ ಹೋಗಿ ಬರುವ ಹೊತ್ತಿಗೆ ಟೈರಿನ ಅಂಚು ಗರಗಸವಾಗುತ್ತದೆ. ಹತ್ತಿರದ ಅಲೈನ್‌ಮೆಂಟ್ ಅಂಗಡಿಗೇ ಹೋಗುವುದಾದರೂ ಮೊದಲು ಕಣದಲ್ಲೇ ಒರಟಾಗಿ ಸರಿ ಮಾಡಿ. ಮುಂದಿನ ಚಕ್ರ ಎತ್ತಿ ತಿರುಗಿಸುತ್ತಾ, ಅಲುಗದಂತೆ ಹಿಡಿದ ಮೊಳೆಯಿಂದ ಟೈರಿನ ನಡುವೆ ಒಂದು ಗೆರೆ ಎಳೆಯಿರಿ, ಎರಡೂ ಕಡೆ. ಇಳಿಸಿ, ಕಾರನ್ನು ಒಂದೆರಡು ಮೀಟರ್ ಮುಂದೆ ತಳ್ಳಿ. ಇಬ್ಬರು ಟೇಪು ಹಿಡಿದು ಎರಡು ಗೆರೆಗಳ ನಡುವಿನ ದೂರವನ್ನು ಟೈರಿನ ಮುಂದೆ, ಹಿಂದೆ, ಎರಡೂ ಕಡೆ ಹಬ್‌ನ ಎತ್ತರದಲ್ಲೇ ಅಳೆಯಿರಿ. ವ್ಯತ್ಯಾಸ 2 ಮಿ.ಮೀ. ಒಳಗೆ ಬರುವವರೆಗೆ ಸ್ಟೀರಿಂಗಿನಿಂದ ಚಕ್ರಕ್ಕೆ ಬರುವ ಟೈ ರಾಡನ್ನು ಎರಡೂ ಕಡೆ ಸಮವಾಗಿ ತಿರುಗಿಸಿ.

ಹೆಡ್‌ಲೈಟ್ ಮರೆಯುವವರೇ ಹೆಚ್ಚು. ದೀಪ ನೆಲದಿಂದ 630 ಮಿ.ಮೀ. ಎತ್ತರದಲ್ಲಿದ್ದು ಬೆಳಕು ಶೇ. 1 ಇಳಿಜಾರಿನಲ್ಲಿದ್ದರೆ 63 ಮೀಟರ್ ದೂರ ಬೀಳುತ್ತದೆ. ಮುಂಭಾಗ ಹಿಂಭಾಗಕ್ಕಿಂತ ಬರೀ 10 ಮಿ.ಮೀ. ಹೆಚ್ಚು ಕೂತರೂ 2450 ಮಿ.ಮೀ. ವೀಲ್‌ಬೇಸಿನಲ್ಲಿ ಅದು ಇನ್ನೂ ಶೇ. 0.41 ಇಳಿಜಾರು. ಬೆಳಕು 45 ಮೀಟರಿಗೇ ಮುಗಿಯುತ್ತದೆ. ಮಾಕುಟ್ಟದ ಕಾಡಿನ ತಿರುವಿನಲ್ಲಿ ರಾತ್ರಿ ಆ 18 ಮೀಟರ್ ಆನೆ ಕಾಣುವುದಕ್ಕೂ ಕಾಣದಿರುವುದಕ್ಕೂ ಇರುವ ಅಂತರ.

ಕಾಗದದ ವಿಚಾರ ಚಿಕ್ಕದಾಗಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಇಲ್ಲವೇ ಎರಡನ್ನೂ ಹೇಳುತ್ತದೆ. ಕೆಎ-12 ಬೋರ್ಡಿನ ಕಾರಾದರೆ ಮಡಿಕೇರಿ ಆರ್‌ಟಿಒದಲ್ಲಿ ಮೊದಲೇ ಕೇಳಿ, ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿ. ಸ್ಟಾಕ್ ಸ್ಪ್ರಿಂಗನ್ನು ಗುಜರಿಗೆ ಹಾಕದೆ ಅಟ್ಟದಲ್ಲಿಡಿ.

500 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟನ್ನು ಟಾರ್ಕ್ ರೆಂಚ್ ಹಾಕಿ ಮತ್ತೆ ನೋಡಿ. ಆಗ ಕೇಳುವ ಸದ್ದುಗಳಿಗೆ ಕಾರಣ ಹೆಚ್ಚುಕಡಿಮೆ ಇಷ್ಟೇ: ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಟಂಗ್ ಎಂದರೆ ಸ್ಪ್ರಿಂಗ್ ತುದಿ ಮೆಟ್ಟಿಲು ಬಿಟ್ಟಿದೆ ಅಥವಾ ಟಾಪ್ ಮೌಂಟ್ ಬೇರಿಂಗ್ ತಲೆಕೆಳಗಾಗಿದೆ. ಸಣ್ಣ ಕಲ್ಲಿನ ಮೇಲೆ ಟಕ ಟಕ ಎಂದರೆ ಸ್ಟೆಬಿಲೈಜರ್ ಲಿಂಕಿನ ನಟ್ಟು. ಗುಂಡಿಗೆ ಒಮ್ಮೆ ಮಾತ್ರ ಢಬ್ ಎಂದರೆ ಬಂಪ್ ಸ್ಟಾಪ್. ಹೀಗೆ ಢಬ್ ಎನ್ನುವುದು ವಾರಕ್ಕೊಮ್ಮೆಯಾದರೆ ಪರವಾಗಿಲ್ಲ. ದಿನಕ್ಕೆ ಹತ್ತು ಸಲವಾದರೆ ಮತ್ತೊಮ್ಮೆ ಕೇಬಲ್ ಟೈ ಕಟ್ಟಿ ಅಳೆಯಿರಿ.